ಬರ ತಾಳುವ ತಳಿಗಳನ್ನು ರೂಪಿಸಬಲ್ಲ ವಿಜ್ಞಾನಿಯನ್ನು ತಯಾರು ಮಾಡುವುದು ಹೇಗೆ?

ಮಳೆಯಾಶ್ರಿತ ಬೇಸಾಯದ ಬಗ್ಗೆ ವ್ಯವಸ್ಥಿತ ಸಂಶೋಧನೆ ನಡೆಸಲೆಂದು 1930ರ ದಶಕದಲ್ಲಿ ಅಂದಿನ ಭಾರತದಲ್ಲಿ ಐದು ಒಣಬೇಸಾಯ ಕೇಂದ್ರಗಳನ್ನು ತೆರೆಯಲಾಯಿತು. ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್ ಎಂಬ ಆ ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ರಾಜಸ್ಥಾನವನ್ನು ಬಿಟ್ಟರೆ ಬರಪೀಡಿತ ಪ್ರದೇಶ ಅತಿ ಹೆಚ್ಚಾಗಿರುವ ರಾಜ್ಯ ನಮ್ಮದೇ ಆಗಿರುವುದರಿಂದ, ಬರ ತಾಳುವ ತಳಿಗಳ ಮೇಲೆ ಕೆಲಸ ಮಾಡಲು ಬಯಸುವ ವಿದ್ಯಾರ್ಥಿಗಳ ಕೊರತೆ ಇಲ್ಲಿ ಎಂದೂ ಆಗಿಲ್ಲ. ಅವರಿಗೆ ಕೊಡುವ ತರಬೇತಿಯ ಕ್ರಮ ಮಾತ್ರ ಅನೇಕ ಕಡೆ ತಲೆಕೆಳಗಾಗಿದೆ. ಡಿಎನ್‌ಎ ಬೇರ್ಪಡಿಸುವುದನ್ನು ಮೊದಲ ವರ್ಷವೇ ಕಲಿಯುವ ವಿದ್ಯಾರ್ಥಿ, ತಾನು ಎದುರಿಸಹೊರಟ ಬರ ಯಾವ ವಾರದಲ್ಲಿ, ಯಾವ ಮಣ್ಣಿನಲ್ಲಿ, ಬೆಳೆಯ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು ಪ್ರಬಂಧ ಒಪ್ಪಿಸುವಾಗಲೂ ಖಚಿತವಾಗಿ ಹೇಳಲಾರದ ಸ್ಥಿತಿ ಇದೆ. ಈ ಮಾರ್ಗದರ್ಶಿಯನ್ನು ಸ್ನಾತಕೋತ್ತರ ಹಾಗೂ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರನ್ನೂ ಸಂಶೋಧನಾ ಕೇಂದ್ರಗಳಿಗೆ ಹೊಸದಾಗಿ ಸೇರಿದ ತಳಿವಿಜ್ಞಾನಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಬರವನ್ನು ಅಳೆಯುವುದು ಮೊದಲು, ಗಿಡವನ್ನು ಅರಿಯುವುದು ಆಮೇಲೆ, ವಂಶವಾಹಿಯ ಬೆನ್ನು ಹತ್ತುವುದು ಅದಕ್ಕೂ ಆಮೇಲೆ ಎಂಬುದು ಇಲ್ಲಿ ಸೂಚಿಸಿರುವ ಕ್ರಮ.

ಮೊದಲ ಹಂತ: ಬರವನ್ನು ವಿವರಿಸಲು ಕಲಿಸಿ

ವಿದ್ಯಾರ್ಥಿ ಸೇರಿದ ಮೊದಲ ತಿಂಗಳಲ್ಲೇ ಅವನಿಗೆ ಅಥವಾ ಅವಳಿಗೆ ಒಂದು ತಾಲ್ಲೂಕು ಮತ್ತು ಒಂದು ಬೆಳೆಯನ್ನು ಒಪ್ಪಿಸಿ. ಆ ತಾಲ್ಲೂಕಿನ ಕನಿಷ್ಠ 30 ವರ್ಷಗಳ ಮಳೆಯ ಅಂಕಿಅಂಶಗಳನ್ನು ವಾರವಾರಕ್ಕೆ ವಿಂಗಡಿಸಿ, ಬಿತ್ತನೆ, ಹೂಬಿಡುವಿಕೆ, ಕಾಳುಕಟ್ಟುವಿಕೆಯ ಹಂತಗಳ ಮೇಲೆ ಹೊಂದಿಸಿ ನೋಡಲು ಹೇಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿರುವುದರಿಂದ, ಇತ್ತೀಚಿನ ವರ್ಷಗಳ ಮಟ್ಟಿಗೆ ಇಷ್ಟು ಸೂಕ್ಷ್ಮವಾದ ಮಾಹಿತಿ ದೇಶದ ಹಲವು ರಾಜ್ಯಗಳ ವಿದ್ಯಾರ್ಥಿಗಳಿಗೆ ದೊರೆಯುವುದಿಲ್ಲ. ಅದನ್ನು ಬಳಸಿಕೊಳ್ಳದಿರುವುದು ನಷ್ಟವೇ ಸರಿ.

ಮಳೆಯ ಲೆಕ್ಕ ಅರ್ಧ ಉತ್ತರ ಮಾತ್ರ. ಮಣ್ಣಿನಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದು ಉಳಿದರ್ಧ. ವಿಜಯಪುರದ ಆಳವಾದ ಎರೆಭೂಮಿ ಬೇರಿನ ವಲಯದಲ್ಲಿ ಬೆಳೆಗೆ ದಕ್ಕುವ ನೀರನ್ನು ಸುಮಾರು 200 ಮಿಲಿಮೀಟರಿನಷ್ಟು ಹಿಡಿದಿಟ್ಟುಕೊಂಡರೆ, ಕೋಲಾರ, ಚಿತ್ರದುರ್ಗದ ಕಡೆಯ ತೆಳುವಾದ ಕೆಂಪು ಮಣ್ಣು ಅದರ ಅರ್ಧವನ್ನೂ ಹಿಡಿಯಲಾರದು. ಹೀಗಾಗಿ ಹಸ್ತ, ಚಿತ್ತೆ ಮಳೆಗಳು ಮುಗಿಯುವ ಹೊತ್ತಿಗೆ ಎರೆಯಲ್ಲಿ ಸಂಗ್ರಹವಾದ ತೇವವನ್ನೇ ನಂಬಿ ಬೆಳೆಯುವ ಹಿಂಗಾರಿ ಜೋಳಕ್ಕೆ ಎದುರಾಗುವುದು ಕೊನೆಯ ಹಂತದ ಬರ. ಬಿತ್ತಿದ ದಿನದಿಂದಲೂ ನೀರಿನ ಖಾತೆ ಕರಗುತ್ತಲೇ ಹೋಗಿ ಕಾಳು ತುಂಬುವಾಗ ಬರಿದಾಗುತ್ತದೆ. ಕೆಂಪು ಮಣ್ಣಿನ ರಾಗಿಗಾದರೋ ಬರುವುದು ನಡುನಡುವಿನ ಬರ. ಎರಡು ಮೂರು ವಾರ ಮಳೆ ತಪ್ಪಿ, ಬಾಡಿ, ಮತ್ತೆ ಮಳೆ ಬಂದಾಗ ಚೇತರಿಸಿಕೊಳ್ಳುವ ಶಕ್ತಿಯೇ ಅಲ್ಲಿ ಮುಖ್ಯ. ಮೊದಲನೆಯದಕ್ಕೆ ನೀರನ್ನು ಉಳಿತಾಯ ಮಾಡುವ ಗಿಡ ಬೇಕು, ಎರಡನೆಯದಕ್ಕೆ ಸಂಕಟವನ್ನು ತಡೆದುಕೊಂಡು ಬೇಗನೆ ಮರಳಿ ಚಿಗುರುವ ಗಿಡ ಬೇಕು. ಎರಡನ್ನೂ ಬರನಿರೋಧಕ ಎಂಬ ಒಂದೇ ಹಣೆಪಟ್ಟಿಯಡಿ ಸೇರಿಸಿದ ಕೂಡಲೇ ಸಂಶೋಧನೆ ದಾರಿ ತಪ್ಪುತ್ತದೆ.

ಈ ಹಂತದ ಪರೀಕ್ಷೆ ಸರಳವಾಗಿರಲಿ. ತನ್ನ ತಾಲ್ಲೂಕಿನಲ್ಲಿ ಹತ್ತು ವರ್ಷಗಳಲ್ಲಿ ಎಷ್ಟು ವರ್ಷ, ಯಾವ ಹಂತದಲ್ಲಿ, ಎಷ್ಟು ತೀವ್ರವಾದ ಬರ ಬೀಳುತ್ತದೆ ಎಂಬುದನ್ನು ವಿದ್ಯಾರ್ಥಿ ಎರಡು ಪುಟಗಳಲ್ಲಿ ಬರೆಯಬೇಕು ಮತ್ತು ಅದನ್ನು ಅಲ್ಲಿನ ರೈತರ ಮುಂದೆ ಓದಿ ಹೇಳಬೇಕು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ವರ್ಷವನ್ನು ನೆನಪಿಡುವ ಹಿರಿಯ ರೈತರು ತಪ್ಪುಗಳನ್ನು ಅಲ್ಲೇ ಎತ್ತಿ ತೋರಿಸುತ್ತಾರೆ.

ಎರಡನೆಯ ಹಂತ: ಗಿಡದ ನೀರಿನ ಲೆಕ್ಕ

ಆಸ್ಟ್ರೇಲಿಯಾದ ವಿಜ್ಞಾನಿ ಜಾನ್ ಪ್ಯಾಸಿಯೂರಾ 1977ರಲ್ಲಿ ಮುಂದಿಟ್ಟ ಸೂತ್ರವನ್ನು ವಿದ್ಯಾರ್ಥಿ ಬಾಯಿಪಾಠ ಮಾಡಿದರೆ ಸಾಲದು, ತನ್ನ ಕೈಯಾರೆ ಅಳೆದು ನೋಡಬೇಕು. ನೀರಿನ ಕೊರತೆಯಲ್ಲಿ ಸಿಗುವ ಕಾಳಿನ ಇಳುವರಿ ಮೂರು ಅಂಶಗಳ ಗುಣಲಬ್ಧ ಎನ್ನುತ್ತದೆ ಆ ಸೂತ್ರ: ಗಿಡ ಬಾಷ್ಪವಾಗಿ ಹೊರಹಾಕಿದ ನೀರಿನ ಪ್ರಮಾಣ, ಪ್ರತಿ ಅಳತೆ ನೀರಿಗೆ ಅದು ಕಟ್ಟಿದ ಒಣತೂಕ, ಮತ್ತು ಆ ಒಣತೂಕದಲ್ಲಿ ಕಾಳಿಗೆ ಸಂದ ಪಾಲು. ಇದನ್ನು ಮನದಟ್ಟು ಮಾಡಿಸಲು ದುಬಾರಿ ಉಪಕರಣ ಬೇಡ. ನಾಲ್ಕಾರು ತಳಿಗಳನ್ನು ದೊಡ್ಡ ಕುಂಡಗಳಲ್ಲಿ ಬೆಳೆಸಿ, ಮಣ್ಣಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಪ್ರತಿದಿನ ಒಂದೇ ಹೊತ್ತಿಗೆ ತೂಗಿ, ಕಳೆದುಹೋದಷ್ಟು ನೀರನ್ನು ಅಥವಾ ಅದರ ಒಂದು ಪಾಲನ್ನು ಮಾತ್ರ ಮರಳಿ ಕೊಡುತ್ತಾ ಹೋದರೆ, ಯಾವ ತಳಿ ಮಣ್ಣು ಇನ್ನೂ ಹಸಿಯಾಗಿರುವಾಗಲೇ ಪತ್ರರಂಧ್ರಗಳನ್ನು ಮುಚ್ಚುತ್ತದೆ, ಯಾವುದು ಕೊನೆಯವರೆಗೂ ಧಾರಾಳವಾಗಿ ಖರ್ಚು ಮಾಡುತ್ತದೆ ಎಂಬುದು ತಕ್ಕಡಿಯಲ್ಲೇ ಗೋಚರಿಸುತ್ತದೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಅರೆಶುಷ್ಕ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಎತ್ತರದ ಕೊಳವೆಗಳಲ್ಲಿ ಗಿಡ ಬೆಳೆಸಿ ತೂಗುವ ಲೈಸಿಮೀಟರ್ ವ್ಯವಸ್ಥೆಯಲ್ಲಿ ಮಾಡುವುದೂ ತಾತ್ವಿಕವಾಗಿ ಇದನ್ನೇ. ಅಲ್ಲಿ ಬೇರಿಗೆ ಹೊಲದಷ್ಟೇ ಆಳ ಸಿಗುತ್ತದೆ ಎಂಬುದು ದೊಡ್ಡ ವ್ಯತ್ಯಾಸ.

ಸೂತ್ರದ ಎರಡನೆಯ ಅಂಶವಾದ ನೀರಿನ ಬಳಕೆಯ ದಕ್ಷತೆಯ ವಿಷಯದಲ್ಲಿ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಮೊದಲೇ ತಿಳಿದಿರಬೇಕು. ಎಲೆಯಲ್ಲಿನ ಇಂಗಾಲದ ಭಾರದ ಐಸೊಟೋಪಿನ (ತೂಕ ಹೆಚ್ಚಿರುವ ಇಂಗಾಲದ ರೂಪ) ಪ್ರಮಾಣವನ್ನು ನೋಡಿ ದಕ್ಷತೆಯನ್ನು ಅಂದಾಜಿಸುವ ವಿಧಾನವನ್ನು ಆಸ್ಟ್ರೇಲಿಯಾದಲ್ಲಿ ಫಾರ್ಕ್ಹಾರ್ ಮತ್ತು ರಿಚರ್ಡ್ಸ್ 1984ರಲ್ಲಿ ಗೋಧಿಯಲ್ಲಿ ತೋರಿಸಿಕೊಟ್ಟರು. ಅದರ ಫಲವಾಗಿ ಡ್ರೈಸ್‌ಡೇಲ್ ಎಂಬ ಗೋಧಿ ತಳಿ 2002ರಲ್ಲಿ ಬಿಡುಗಡೆಯಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗ ಇದೇ ವಿಧಾನದ ಮೇಲೆ ದಶಕಗಳ ಕಾಲ ಶೇಂಗಾ, ಭತ್ತಗಳಲ್ಲಿ ಕೆಲಸ ಮಾಡಿದೆ. ಆದರೆ ರಂಧ್ರ ಮುಚ್ಚಿಕೊಂಡು ಬೆಳವಣಿಗೆಯನ್ನೇ ನಿಲ್ಲಿಸುವ ಗಿಡವೂ ಈ ಅಳತೆಯಲ್ಲಿ ದಕ್ಷ ಎಂದು ಕಾಣಿಸುತ್ತದೆ. ಆದ್ದರಿಂದ ಆಳವಾದ ಬೇರಿನೊಂದಿಗೆ ದಕ್ಷತೆಯೂ ಸೇರಿರುವ ಗಿಡವನ್ನೇ ಹುಡುಕಬೇಕು. ಇನ್ನೊಂದು ಮಾತೆಂದರೆ, ರಾಗಿ ಮತ್ತು ಜೋಳ ಸಿ4 ಬಗೆಯ (ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲವನ್ನು ಬೇರೆ ರೀತಿಯಲ್ಲಿ ಹಿಡಿಯುವ) ಬೆಳೆಗಳಾದ್ದರಿಂದ ಅವುಗಳಲ್ಲಿ ಇಂಗಾಲದ ಐಸೊಟೋಪಿನ ಈ ಅಳತೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಒಂದು ಬೆಳೆಯಲ್ಲಿ ಯಶಸ್ವಿಯಾದ ವಿಧಾನವನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಹಾಕುವ ಅಭ್ಯಾಸವನ್ನು ಇಲ್ಲಿಯೇ ತಡೆಯಬೇಕು.

ಮೂರನೆಯ ಹಂತ: ಸಂಕರಣ ಕೈಗೆ ಬರಬೇಕು

ಸಂಕರಣವನ್ನು, ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಹಾಕಿ ಮಿಶ್ರತಳಿ ಪಡೆಯುವ ಕೆಲಸವನ್ನು, ಸಹಾಯಕರಿಗೆ ಒಪ್ಪಿಸಿ, ಸಿಕ್ಕಿದ ಬೀಜದ ಮೇಲಷ್ಟೇ ಅಂಕಿಅಂಶ ಕಟ್ಟುವ ವಿದ್ಯಾರ್ಥಿಗೆ ತಳಿವಿಜ್ಞಾನಿ ಎಂಬ ಹೆಸರು ಒಪ್ಪುವುದಿಲ್ಲ. ರಾಗಿಯನ್ನೇ ನೋಡಿ. ಅದರ ಹೂಗಳು ಎಷ್ಟು ಸಣ್ಣವೆಂದರೆ ಕೇಸರಗಳನ್ನು ಚಿಮಟದಿಂದ ತೆಗೆಯುವುದು ಬಹಳ ಕಷ್ಟ. ಅವು ಅರಳುವುದೂ ರಾತ್ರಿ ಒಂದರಿಂದ ಬೆಳಗಿನ ಜಾವ ಐದರ ನಡುವೆ. ಆದ್ದರಿಂದಲೇ ತೆನೆಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಅದ್ದಿ ಪರಾಗವನ್ನು ನಿಷ್ಕ್ರಿಯಗೊಳಿಸುವ ಕ್ರಮವೂ, ಎರಡು ತೆನೆಗಳನ್ನು ಒತ್ತಟ್ಟಿಗೆ ಕಟ್ಟಿ ಒಂದೇ ಚೀಲದಲ್ಲಿ ಮುಚ್ಚುವ ಸ್ಪರ್ಶ ವಿಧಾನವೂ ರೂಢಿಗೆ ಬಂದವು. ಎರಡನೆಯದರಲ್ಲಿ ಸ್ವಂತ ಪರಾಗದಿಂದ ಹುಟ್ಟಿದ ಗಿಡಗಳೇ ಹೆಚ್ಚಾಗಿರುವುದರಿಂದ, ನೇರಳೆ ಬಣ್ಣದ ಗಿಣ್ಣುಗಳಿರುವ ತಳಿಯನ್ನು ಗಂಡಾಗಿ ಬಳಸಿ, ಮುಂದಿನ ಪೀಳಿಗೆಯಲ್ಲಿ ಬಣ್ಣ ಕಂಡ ಸಸಿಗಳನ್ನಷ್ಟೇ ನಿಜವಾದ ಮಿಶ್ರತಳಿ ಎಂದು ಎತ್ತಿಟ್ಟುಕೊಳ್ಳಬೇಕು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ಸರಣಿಯ ತಳಿಗಳನ್ನು ಕಟ್ಟಿದ್ದು ಇಷ್ಟು ಹಠಮಾರಿಯಾದ ಹೂವಿನೊಂದಿಗೆ.

ಜೋಳದಲ್ಲಿ ತೆನೆಯ ತುದಿಯಿಂದ ಕೆಳಗೆ ಹೂ ಅರಳುತ್ತಾ ಬರುವುದರಿಂದ, ಮಧ್ಯಾಹ್ನದ ಮೇಲೆ ಮರುದಿನ ಅರಳಲಿರುವ ಭಾಗದ ಕೇಸರ ತೆಗೆದು ಬೆಳಿಗ್ಗೆ ಪರಾಗ ಹಾಕುವುದು ವಾಡಿಕೆ. ಶೇಂಗಾದಲ್ಲಿ ಸಂಜೆ ಕೇಸರ ತೆಗೆದು ಸೂರ್ಯೋದಯದ ಹೊತ್ತಿಗೆ ಪರಾಗಸ್ಪರ್ಶ ಮಾಡುತ್ತಾರೆ. ಪ್ರತಿ ವಿದ್ಯಾರ್ಥಿಯೂ ಕನಿಷ್ಠ ಎರಡು ಬೆಳೆಗಳಲ್ಲಿ ಒಂದು ಋತು ಪೂರ್ತಿ ಈ ಕೆಲಸ ಮಾಡಲಿ.

ನಾಲ್ಕನೆಯ ಹಂತ: ಒಣಗಿಸುವ ಹೊಲವನ್ನು ನಿರ್ವಹಿಸುವುದು

ಇಡೀ ತರಬೇತಿಯಲ್ಲಿ ಹೆಚ್ಚು ಸಮಯ ಬೇಡುವ, ಆದರೆ ಪಠ್ಯಕ್ರಮದಲ್ಲಿ ಅತಿ ಕಡಿಮೆ ಸ್ಥಾನ ಪಡೆದಿರುವ ವಿಷಯ ಇದು. ನೀರು ಕೊಡುವುದನ್ನು ನಿಲ್ಲಿಸಿದ ಮಾತ್ರಕ್ಕೆ ಬರದ ಪ್ರಯೋಗವಾಗುವುದಿಲ್ಲ. ಒತ್ತಡ ಅತಿಯಾಗಿ ಎಲ್ಲ ತಳಿಗಳೂ ಒಣಗಿದರೆ ಆಯ್ಕೆಗೆ ಏನೂ ಉಳಿಯುವುದಿಲ್ಲ. ಒತ್ತಡ ಸಾಲದೆ ಹೋದರೆ ನೀರಾವರಿಯಲ್ಲಿ ಹೆಚ್ಚು ಇಳುವರಿ ಕೊಡುವ ತಳಿಯೇ ಮತ್ತೆ ಮೇಲೆ ಬರುತ್ತದೆ ಮತ್ತು ವಿದ್ಯಾರ್ಥಿ ಅದನ್ನೇ ಬರ ತಾಳುವ ಗುಣವೆಂದು ಬರೆದಿಡುತ್ತಾನೆ. ನೀರು ಸಾಕಷ್ಟಿರುವ ತಾಕಿಗೆ ಹೋಲಿಸಿದರೆ ಸರಾಸರಿ ಇಳುವರಿ ಅರ್ಧದಷ್ಟಾದರೂ ಕುಸಿದಿದೆಯೇ ಎಂಬುದನ್ನು ಮೊದಲು ನೋಡಬೇಕು.

ಪ್ರಯೋಗವನ್ನು ಹೂಡುವ ಹಿಂದಿನ ಋತುವಿನಲ್ಲಿ ಆ ಹೊಲದ ತುಂಬ ಒಂದೇ ತಳಿಯನ್ನು ಬಿತ್ತಿ, ಸಣ್ಣ ಸಣ್ಣ ಚೌಕಗಳಾಗಿ ಕಟಾವು ಮಾಡಿ ತೂಗಿಸಿ. ಮಣ್ಣಿನ ಆಳ ಎಲ್ಲಿ ಕಡಿಮೆ, ಎಲ್ಲಿ ಸುಣ್ಣದ ಪದರ ಮೇಲಕ್ಕೆ ಬಂದಿದೆ ಎಂಬುದು ಅದರಲ್ಲಿ ನಕ್ಷೆಯಂತೆ ಮೂಡುತ್ತದೆ. ನೀರು ಧಾರಾಳವಾಗಿರುವಾಗ ಮರೆಯಾಗಿರುವ ಈ ವ್ಯತ್ಯಾಸಗಳು ಬರದಲ್ಲಿ ಹತ್ತು ಪಟ್ಟು ಎದ್ದು ಕಾಣುವುದರಿಂದ, ತಳಿಯ ಗುಣವೆಂದು ನಾವು ತಿಳಿದದ್ದು ಹಲವು ಸಲ ಅದರ ಕೆಳಗಿನ ಮಣ್ಣಿನ ಗುಣವಾಗಿರುತ್ತದೆ. ಪ್ರಯೋಗ ನಡೆಯುವಾಗ 15 ಸೆಂಟಿಮೀಟರಿನ ಅಂತರದಲ್ಲಿ ಕನಿಷ್ಠ 90 ಸೆಂಟಿಮೀಟರ್ ಆಳದವರೆಗೆ ಮಣ್ಣಿನ ಮಾದರಿ ತೆಗೆದು, ಒಲೆಯಲ್ಲಿ ಒಣಗಿಸಿ ತೇವ ಲೆಕ್ಕ ಹಾಕುವುದನ್ನು ವಾರಕ್ಕೊಮ್ಮೆ ಮಾಡಬೇಕು. ಬೇಸರದ ಕೆಲಸವೇನೋ ಹೌದು, ಆದರೆ ಮಣ್ಣಿನ ತೇವದ ದಾಖಲೆ ಇಲ್ಲದ ಬರದ ಪ್ರಯೋಗವನ್ನು ಪರೀಕ್ಷಕರು ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೂಬಿಡುವ ದಿನದ ಗೊಂದಲ ಇದಕ್ಕಿಂತ ದೊಡ್ಡದು. ಕೊನೆಯ ಹಂತದ ಬರದಲ್ಲಿ ಬೇಗ ಹೂಬಿಡುವ ತಳಿ ನೀರು ಮುಗಿಯುವ ಮೊದಲೇ ಕಾಳು ಕಟ್ಟಿ ಪಾರಾಗುತ್ತದೆ. ಹರಿಯಾಣ, ರಾಜಸ್ಥಾನಗಳ ಒಣಪ್ರದೇಶಕ್ಕೆಂದು ರೂಪಿಸಿದ ಎಚ್‌ಎಚ್‌ಬಿ 67 ಸಜ್ಜೆಯ ಬಲವೂ ಇದೇ. ಬರದಿಂದ ತಪ್ಪಿಸಿಕೊಳ್ಳುವುದೂ ರೈತನಿಗೆ ಬೆಲೆಯುಳ್ಳ ಗುಣವೇ ಆದರೂ, ಅದನ್ನು ತಾಳಿಕೊಳ್ಳುವ ಗುಣದೊಂದಿಗೆ ಬೆರೆಸಿದರೆ ವಂಶವಾಹಿಯ ನಕ್ಷೆಯಲ್ಲಿ ಸಿಗುವುದು ಬರೀ ಹೂಬಿಡುವ ದಿನದ ವಂಶವಾಹಿಗಳು. ಆದ್ದರಿಂದ ತಳಿಗಳನ್ನು ಹೂಬಿಡುವ ದಿನದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಪ್ರತ್ಯೇಕ ಹೋಲಿಕೆ ತಳಿಗಳನ್ನಿಟ್ಟು, ನೀರು ನಿಲ್ಲಿಸುವ ದಿನವನ್ನು ಗುಂಪಿಗೆ ತಕ್ಕಂತೆ ಹೊಂದಿಸುವುದನ್ನು ಕಲಿಸಬೇಕು.

ಮಳೆ ಬೀಳದ ಜನವರಿಯಿಂದ ಏಪ್ರಿಲ್ ಅವಧಿಯಲ್ಲಿ ಪ್ರಯೋಗ ಮಾಡಿದರೆ ನೀರಿನ ಮೇಲೆ ಹಿಡಿತವಿರುತ್ತದೆ ಎಂಬುದು ನಿಜ. ಆದರೆ ಆಗಿನ ಬಿಸಿಲು, ಹಗಲಿನ ಉದ್ದ, ಗಾಳಿಯ ಒಣತನಗಳು ಮುಂಗಾರಿನದಲ್ಲ. ಬೇಸಿಗೆಯ ಫಲಿತಾಂಶ ಮುಂಗಾರಿನ ಹೊಲದಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಅದೇ ತಳಿಗಳ ಒಂದು ಪಾಲನ್ನಾದರೂ ಮಳೆಗಾಲದಲ್ಲಿ ಬಿತ್ತಿ ಪರಿಶೀಲಿಸಬೇಕು. ಮಳೆ ತಡೆಯುವ ಚಲಿಸುವ ಛಾವಣಿ ಇರುವ ಕೇಂದ್ರಗಳಲ್ಲಿ ಇದು ಸುಲಭ, ಇಲ್ಲದಿದ್ದರೆ ಬಿತ್ತನೆಯನ್ನು ಎರಡು ಮೂರು ದಿನಾಂಕಗಳಲ್ಲಿ ಹಂಚುವುದೇ ಉಪಾಯ.

ಯಾವುದನ್ನು ಅಳೆಯಬೇಕು ಎಂಬ ಪ್ರಶ್ನೆಗೆ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಅನುಭವ ಉತ್ತರ ಕೊಡುತ್ತದೆ. ಬರದಲ್ಲಿ ಇಳುವರಿಯ ಅನುವಂಶೀಯತೆ (ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಯಿಂದ ಬಂದ ಪಾಲು) ತೀರಾ ಕಡಿಮೆ, ಆದ್ದರಿಂದ ಬೇರಿನ ಉದ್ದ, ಎಲೆ ಸುರುಳಿಯಂಥ ಪೂರಕ ಲಕ್ಷಣಗಳ ಮೇಲೆ ಆಯ್ಕೆ ಮಾಡಬೇಕು ಎಂಬ ನಂಬಿಕೆ ಬಹುಕಾಲ ಪ್ರಬಲವಾಗಿತ್ತು. ಒತ್ತಡವನ್ನು ಸರಿಯಾಗಿ ನಿರ್ವಹಿಸಿದ ಹೊಲಗಳಲ್ಲಿ ಇಳುವರಿಯ ಅನುವಂಶೀಯತೆ ನೀರಾವರಿ ಹೊಲದ್ದಕ್ಕೆ ಹೆಚ್ಚುಕಡಿಮೆ ಸಮವಾಗಿಯೇ ಇರಬಲ್ಲದು ಎಂದು ಆಮೇಲೆ ಅಲ್ಲಿನ ತಳಿವಿಜ್ಞಾನಿಗಳು ತೋರಿಸಿದರು ಮತ್ತು ಬರದಲ್ಲಿನ ಇಳುವರಿಯ ಮೇಲೆಯೇ ನೇರ ಆಯ್ಕೆ ಆರಂಭವಾಯಿತು. ಜಾರ್ಖಂಡ್‌ನ ಹಜಾರಿಬಾಗಿನ ಭತ್ತ ಸಂಶೋಧನಾ ಕೇಂದ್ರದೊಂದಿಗೆ ಕೂಡಿ ಬೆಳೆಸಿದ ಸಹಭಾಗಿ ಧಾನ್ ಎಂಬ ಭತ್ತದ ತಳಿ 2010ರಲ್ಲಿ ಭಾರತದಲ್ಲಿ ಬಿಡುಗಡೆಯಾದದ್ದು ಇಂಥ ಕೆಲಸದಿಂದಲೇ. ಕೊಯ್ಲಿನ ತಕ್ಕಡಿಯನ್ನು ಬಿಟ್ಟು ಡ್ರೋನ್, ಅತಿಗೆಂಪು ಉಷ್ಣಮಾಪಕಗಳ ಹಿಂದೆ ಓಡುವ ಮುನ್ನ ಈ ಚರಿತ್ರೆಯನ್ನು ವಿದ್ಯಾರ್ಥಿ ತಿಳಿದಿರಲಿ. ಆ ಉಪಕರಣಗಳು ಇಳುವರಿಯ ವ್ಯತ್ಯಾಸ ಏಕಾಯಿತೆಂದು ವಿವರಿಸುತ್ತವೆ. ಇಳುವರಿಯ ಸ್ಥಾನದಲ್ಲಿ ನಿಲ್ಲಲಾರವು.

ಸಂಖ್ಯಾಶಾಸ್ತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೂರಾರು ತಳಿಗಳಿರುವ ಆರಂಭದ ಹಂತಕ್ಕೆ ಹೋಲಿಕೆ ತಳಿಗಳನ್ನಷ್ಟೇ ಪುನರಾವರ್ತಿಸುವ ಆಗ್ಮೆಂಟೆಡ್ ವಿನ್ಯಾಸ, ಮುಂದಿನ ಹಂತಕ್ಕೆ ತಾಕುಗಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸುವ ಆಲ್ಫಾ ಲ್ಯಾಟಿಸ್, ಜೊತೆಗೆ ಅಡ್ಡಸಾಲು ಉದ್ದಸಾಲುಗಳಲ್ಲಿ ತಾಕಿನ ಸ್ಥಾನವನ್ನು ಗಣನೆಗೆ ತೆಗೆದುಕೊಳ್ಳುವ ವಿಶ್ಲೇಷಣೆ, ಇಷ್ಟನ್ನು ಉಚಿತವಾಗಿ ದೊರೆಯುವ ಆರ್ ತಂತ್ರಾಂಶದಲ್ಲಿ ತಾನೇ ಮಾಡಲು ಬಂದರೆ ಸಾಕು.

ಐದನೆಯ ಹಂತ: ಮಾರ್ಕರ್‌ಗಳು, ಈಗ

ಹೊಲದ ಅಂಕಿಗಳ ಮೇಲೆ ಭರವಸೆ ಹುಟ್ಟಿದ ಮೇಲೆ ಪ್ರಯೋಗಾಲಯದ ಬಾಗಿಲು ತೆರೆಯಲಿ. ಒಂದು ಗುಣದ ಜೊತೆಗೇ ಸಾಗುವ ಡಿಎನ್‌ಎ ಗುರುತುಗಳೇ ಮಾರ್ಕರ್‌ಗಳು. ಆಗ ಕಲಿಸಲು ಒಳ್ಳೆಯ ಉದಾಹರಣೆ ಕಡಲೆ. ಐಸಿಸಿ 4958 ಎಂಬ ತಳಿಯ ಗಟ್ಟಿಯಾದ ಬೇರಿನ ವ್ಯವಸ್ಥೆಯನ್ನೂ ಬರ ತಾಳಿಕೆಗೆ ಸಂಬಂಧಿಸಿದ ಇತರ ಗುಣಗಳನ್ನೂ ನಿಯಂತ್ರಿಸುವ ಪ್ರದೇಶವೊಂದನ್ನು ನಾಲ್ಕನೆಯ ಲಿಂಕೇಜ್ ಗುಂಪಿನಲ್ಲಿ (ಒಂದು ವರ್ಣತಂತುವಿಗೆ ಸಮನಾದ ವಂಶವಾಹಿಗಳ ಗುಂಪು) ಗುರುತಿಸಿ, ಅದನ್ನು ಮರುಸಂಕರಣದ ಮೂಲಕ (ಮಿಶ್ರತಳಿಯನ್ನು ಮತ್ತೆ ಮತ್ತೆ ಮೂಲ ತಳಿಯೊಂದಿಗೇ ಸಂಕರಿಸುತ್ತಾ) ಜನಪ್ರಿಯ ತಳಿಗಳಿಗೆ ದಾಟಿಸಲಾಯಿತು. ಪೂಸಾ 372ಕ್ಕೆ ಹೀಗೆ ಸೇರಿಸಿದ್ದರಿಂದ ಬಂದ ಪೂಸಾ ಚಿಕ್‌ಪೀ 10216 ತಳಿ 2019ರಲ್ಲಿ ಬಿಡುಗಡೆಯಾಯಿತು. ಭತ್ತದಲ್ಲಿ ಐಆರ್ 64ಕ್ಕೆ ಬರದಲ್ಲಿ ಇಳುವರಿ ಕೊಡುವ ವಂಶವಾಹಿ ಪ್ರದೇಶಗಳನ್ನು ಸೇರಿಸಿ ಪಡೆದ ಡಿಆರ್‌ಆರ್ ಧಾನ್ 42, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಮಾರ್ಕರ್‌ಗಳ ನೆರವಿನಿಂದ ರೂಪುಗೊಂಡು 2007ರಲ್ಲಿ ಹೊರಬಂದ ಏರೋಬಿಕ್ ಭತ್ತ (ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಭತ್ತ) ಶಾರದಾ ಕೂಡ ಅಧ್ಯಯನಕ್ಕೆ ಯೋಗ್ಯ.

ಜೋಳದ ಹಸಿರು ಉಳಿಸಿಕೊಳ್ಳುವ ಗುಣವನ್ನು ಮಾತ್ರ ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳಬೇಕು. ಇಥಿಯೋಪಿಯಾ ಮೂಲದ ಬಿ35 ತಳಿಯಿಂದ ಗುರುತಿಸಿದ ಈ ಗುಣದ ನಾಲ್ಕು ಪ್ರಮುಖ ಪ್ರದೇಶಗಳನ್ನು ನಾಟಿ ತಳಿಗಳಿಗೆ ಸೇರಿಸುವ ಪ್ರಯತ್ನಗಳು ಇಲ್ಲಿಯೂ ನಡೆದಿವೆ. ಎಲೆ ಕೊನೆಯವರೆಗೆ ಹಸಿರಾಗಿರುವುದು ಮೂಲದಲ್ಲಿ ಎಲೆಯ ಸಾಮರ್ಥ್ಯವೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ತೋರಿಸಿದಂತೆ, ಹೂಬಿಡುವ ಮೊದಲು ತೆಂಡೆ (ಬುಡದಿಂದ ಒಡೆಯುವ ಮರಿಕವಲು) ಮತ್ತು ಎಲೆಯ ವಿಸ್ತಾರವನ್ನು ಮಿತಿಯಲ್ಲಿಟ್ಟು ಮಣ್ಣಿನಲ್ಲಿ ನೀರು ಉಳಿಸಿದ ಗಿಡಕ್ಕೆ ಕಾಳು ತುಂಬುವಾಗ ಆ ನೀರು ಸಿಗುತ್ತದೆ. ಹಸಿರು ಅದರ ಪರಿಣಾಮ. ಅಂದರೆ ವಿಜಯಪುರದ ಎರೆಯಲ್ಲಿ ಲಾಭ ತರುವ ಈ ಗುಣ, ಉಳಿಸಿದ ನೀರನ್ನು ಹಿಡಿದಿಡಲಾರದ ತೆಳು ಮಣ್ಣಿನಲ್ಲಿ ಅಷ್ಟೇ ಲಾಭ ತರುತ್ತದೆಂದು ಹೇಳಲಾಗದು. ಮೊದಲ ಹಂತದ ಎರಡು ಪುಟಗಳನ್ನು ಮತ್ತೆ ತೆಗೆದು ನೋಡಬೇಕಾದ ಸಮಯ ಇದೇ.

ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ಗೋಧಿಯಲ್ಲಿ ವರ್ಷಕ್ಕೆ ಆರು ಪೀಳಿಗೆಗಳನ್ನು ಪಡೆಯುವ ವೇಗದ ತಳಿವರ್ಧನೆ ಈಗ ಎಲ್ಲರ ಬಾಯಲ್ಲಿದೆ. ರಾಗಿ, ಜೋಳಗಳು ಹಗಲು ಚಿಕ್ಕದಾದಾಗ ಹೂಬಿಡುವ ಬೆಳೆಗಳು. ಅವಕ್ಕೆ ಬೆಳಕಿನ ಅವಧಿಯನ್ನು ಹೆಚ್ಚಿಸುವ ಬದಲು ತಗ್ಗಿಸಬೇಕು ಎಂಬುದನ್ನು ಮರೆತು ಕೋಣೆ ಕಟ್ಟಿಸಬಾರದು.

ಆರನೆಯ ಹಂತ: ಮೂಲ ತಳಿ ಮತ್ತು ರೈತನ ತೀರ್ಪು

ಇಕ್ರಿಸ್ಯಾಟ್ ಜೀನ್ ಬ್ಯಾಂಕಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಅಷ್ಟನ್ನೂ ಬಿತ್ತಲಾಗದಿರುವುದರಿಂದ, ಕಡಲೆಗೆ 211, ರಾಗಿಗೆ 80 ಮಾದರಿಗಳ ಚಿಕ್ಕ ಪ್ರಾತಿನಿಧಿಕ ಸಂಗ್ರಹಗಳನ್ನು ಆಯ್ದಿಡಲಾಗಿದೆ. ಪಿಎಚ್‌ಡಿ ಪ್ರಯೋಗಕ್ಕೆ ಇವು ಹೇಳಿಮಾಡಿಸಿದ ಗಾತ್ರದವು. ಆದರೆ ಕೊನೆಯ ತೀರ್ಪು ರೈತನದು. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಜೋಳದಿಂದ ಆಯ್ದ ಎಂ 35-1 ತಳಿ ಇಂದಿಗೂ ಹಿಂಗಾರಿ ಹೊಲಗಳಲ್ಲಿ ಉಳಿದಿರುವುದು ಬರೀ ಕಾಳಿನ ತೂಕದಿಂದಲ್ಲ. ಮುತ್ತಿನಂಥ ಕಾಳು, ಅದರ ರೊಟ್ಟಿಯ ರುಚಿ, ದನಗಳು ಇಷ್ಟಪಟ್ಟು ತಿನ್ನುವ ಕಣಿಕೆ, ಇವೆಲ್ಲ ಸೇರಿ ಅದನ್ನು ಉಳಿಸಿವೆ. ಬರಗಾಲದ ವರ್ಷದಲ್ಲಿ ಮೇವಿನ ಬೆಲೆ ಕಾಳಿನ ಬೆಲೆಗೆ ಸವಾಲು ಹಾಕುತ್ತದೆ. ಆದ್ದರಿಂದ ವಿದ್ಯಾರ್ಥಿಯ ಪ್ರಯೋಗದಲ್ಲಿ ಕಣಿಕೆಯ ತೂಕವೂ ರೊಟ್ಟಿಯ ಪರೀಕ್ಷೆಯೂ ಕಡ್ಡಾಯವಾಗಿರಲಿ, ಮತ್ತು ಕೊಯ್ಲಿಗೆ ಮುನ್ನ ರೈತ ಮಹಿಳೆಯರನ್ನೂ ಪುರುಷರನ್ನೂ ಪ್ರತ್ಯೇಕವಾಗಿ ತಾಕುಗಳ ನಡುವೆ ಕರೆದೊಯ್ದು ಅವರ ಆಯ್ಕೆಯನ್ನೂ ಕಾರಣವನ್ನೂ ದಾಖಲಿಸಲಿ.

ಏಳನೆಯ ಹಂತ: ಸಮಯದ ಹೊಂದಾಣಿಕೆ

ಸಂಕರಣದಿಂದ ಹಿಡಿದು ಅಖಿಲ ಭಾರತ ಸಮನ್ವಿತ ಯೋಜನೆಯ ಮೂರು ವರ್ಷಗಳ ಬಹುಸ್ಥಳ ಪರೀಕ್ಷೆ ಮುಗಿದು, ತಳಿ ಅಧಿಸೂಚನೆಗೊಂಡು ಬೀಜ ರೈತನ ಕೈಗೆ ಬರಲು ಹತ್ತು ವರ್ಷ ಸಾಮಾನ್ಯ. ಪಿಎಚ್‌ಡಿಗೆ ಸಿಗುವುದು ಮೂರು ನಾಲ್ಕು ವರ್ಷ. ಹೊಸ ಸಂಕರಣದಿಂದ ಆರಂಭಿಸಿ ತಳಿ ಬಿಡುಗಡೆ ಮಾಡುವ ಗುರಿಯನ್ನು ವಿದ್ಯಾರ್ಥಿಗೆ ಕೊಡುವುದು ಅನ್ಯಾಯ. ನಡೆಯುತ್ತಿರುವ ಕಾರ್ಯಕ್ರಮದ ನಾಲ್ಕನೆಯ ಅಥವಾ ಐದನೆಯ ಪೀಳಿಗೆಯ ಸಾಮಗ್ರಿಯನ್ನು ಪರೀಕ್ಷೆಗೆ ಒಪ್ಪಿಸಿ, ಜೊತೆಗೆ ಮುಂದಿನವರಿಗಾಗಿ ಹೊಸ ಸಂಕರಣಗಳನ್ನು ಮಾಡಿಸುವುದೇ ಸರಿಯಾದ ವ್ಯವಸ್ಥೆ.

ಆಫ್ರಿಕಾದ ಎರಡು ಕೇಂದ್ರಗಳಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಬೆಳೆ ಅಭಿವೃದ್ಧಿ ಕೇಂದ್ರವೂ, 2007ರಲ್ಲಿ ಘಾನಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪಶ್ಚಿಮ ಆಫ್ರಿಕಾ ಕೇಂದ್ರವೂ ವಿದ್ಯಾರ್ಥಿಗಳಿಗೆ ಪಾಠವನ್ನು ಕ್ಯಾಂಪಸ್ಸಿನಲ್ಲಿ ಮುಗಿಸಿ, ಸಂಶೋಧನೆಯನ್ನು ಅವರವರ ದೇಶದ ಹೊಲಗಳಲ್ಲಿ, ಅಲ್ಲಿನ ಬೆಳೆಯ ಮೇಲೆ ಮಾಡಿಸುತ್ತವೆ. ಪದವಿ ಮುಗಿದಾಗ ವಿದ್ಯಾರ್ಥಿಯ ಕೈಯಲ್ಲಿ ಪ್ರಬಂಧದ ಜೊತೆಗೆ ಆ ನೆಲಕ್ಕೆ ಹೊಂದಿದ ತಳಿಸಾಮಗ್ರಿಯೂ ಇರುತ್ತದೆ. ಬೆಂಗಳೂರು, ಧಾರವಾಡಗಳಲ್ಲಿ ಪಾಠ ಮುಗಿಸಿದವರು ಎರಡು ಪೂರ್ಣ ಋತುಗಳನ್ನು ವಿಜಯಪುರ, ಹಗರಿ ಅಥವಾ ರಾಯಚೂರಿನಲ್ಲಿ ಕಳೆಯುವಂತೆ ನಿಯಮ ಮಾಡಲು ಹೊಸ ಕಟ್ಟಡ ಬೇಡ, ವಸತಿ ಮತ್ತು ಪ್ರಯಾಣ ಭತ್ಯೆ ಸಾಕು.

ಹೊರಡುವ ವಿದ್ಯಾರ್ಥಿಯಿಂದ ಮಾರ್ಗದರ್ಶಕರು ಮೂರನ್ನು ಕೇಳಿ ಪಡೆಯಬೇಕು. ಮೊದಲನೆಯದು, ಪ್ರತಿ ತಳಿಯ ವಂಶಾವಳಿ, ಬಿತ್ತನೆ ದಿನ, ಹೂಬಿಟ್ಟ ದಿನ ಮತ್ತು ನೀರು ಕೊಟ್ಟ ದಿನಗಳಿರುವ ಹೊಲದ ಪುಸ್ತಕದ ಮೂಲ ಪ್ರತಿ. ಎರಡನೆಯದು, ತೇವಾಂಶವನ್ನು ಸರಿಯಾಗಿ ಇಳಿಸಿ, ಒಳಗೂ ಹೊರಗೂ ಚೀಟಿ ಹಾಕಿ ಶೀತಕೋಣೆಯಲ್ಲಿಟ್ಟ ಬೀಜ. ಮೂರನೆಯದು, ಸೋತ ತಳಿಗಳ ಪಟ್ಟಿ ಮತ್ತು ಸೋತ ಕಾರಣ. ಪ್ರಬಂಧದಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ, ಆದರೆ ಮುಂದಿನ ವರ್ಷ ಬರುವ ವಿದ್ಯಾರ್ಥಿ ಮೊದಲು ಓದಬೇಕಾದದ್ದು ಅದನ್ನೇ.